ಶಿಡ್ಲಘಟ್ಟದಿಂದ ರಷ್ಯನ್ ಸಂಸ್ಕೃತಿಯ ಎಂ.ಎ.ಗೆ: ಹೋಗುವವರಿಗೆ ಒಂದಿಷ್ಟು ದಾರಿ

ನಮ್ಮೂರಲ್ಲಿ ರಷ್ಯಾದಲ್ಲಿ ಓದಿ ಬಂದೆ ಎಂದರೆ ಸಾಕು, ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: "ಎಂಬಿಬಿಎಸ್ಸಾ?" ಅಲ್ಲ ಎಂದರೆ "ಇಂಜಿನಿಯರಿಂಗಾ?" ಅದೂ ಅಲ್ಲ, ಅಲ್ಲಿನ ಸಂಸ್ಕೃತಿಯ ಬಗ್ಗೆ ಎಂ.ಎ. ಮಾಡಿದೆ ಎಂದಾಗ, ಗೂಡಿನ ಮಾರುಕಟ್ಟೆಯಲ್ಲಿ ಅಪ್ಪನ ಹಳೆಯ ಪರಿಚಯದವರೊಬ್ಬರು ಕೈಯಲ್ಲಿದ್ದ ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಲೇ, "ಅದನ್ನು ಓದುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇನಮ್ಮ?" ಎಂದು ಕೇಳಿದ್ದರು. ನನ್ನ ಬಳಿ ಆಗ ಉತ್ತರ ಇರಲಿಲ್ಲ. ಅವರು ಗೂಡನ್ನು ಬುಟ್ಟಿಗೆ ಹಾಕಿ ಹರಾಜಿಗೆ ಹೋದರು.

ಈಚೆಗೆ ಚಿಂತಾಮಣಿ, ಗೌರಿಬಿದನೂರು, ಒಮ್ಮೆ ಮಾಲೂರಿನಿಂದಲೂ ಫೋನ್ ಬರುತ್ತಿದೆ. ಬಿ.ಎ. ಮುಗಿಸಿದ ಹುಡುಗ ಹುಡುಗಿಯರು, "ಅಕ್ಕಾ, ನಾವೂ ಹೀಗೆ ಓದಬಹುದೇ, ಏನು ಮಾಡಬೇಕು?" ಎಂದು ಕೇಳುತ್ತಾರೆ. ಪ್ರತಿಯೊಬ್ಬರಿಗೂ ಮುಕ್ಕಾಲು ಗಂಟೆ ಹೇಳಿ ಗಂಟಲು ಕಟ್ಟಿದೆ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಭಾಷೆ, ಆಮೇಲೆ ಅರ್ಜಿ

ಫೋನ್ ಮಾಡುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ವಿದ್ಯಾರ್ಥಿವೇತನದ ಬಗ್ಗೆ. ನಾನು ತಿರುಗಿ ಕೇಳುವುದು ಒಂದೇ: ರಷ್ಯನ್ ಅಕ್ಷರ ಓದಲು ಬರುತ್ತದೆಯೇ? ಇಲ್ಲವಾದರೆ ಮೂವತ್ತಮೂರು ಅಕ್ಷರಗಳನ್ನು ಕಲಿತು ಫೋನ್ ಮಾಡಿ ಎನ್ನುತ್ತೇನೆ. ಹತ್ತು ದಿನದ ಕೆಲಸ. ಅಷ್ಟನ್ನೂ ಮಾಡದವರು ಮತ್ತೆ ಫೋನ್ ಮಾಡುವುದಿಲ್ಲ, ಇಬ್ಬರ ಸಮಯವೂ ಉಳಿಯುತ್ತದೆ.

ರಷ್ಯನ್ ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಇಂಗ್ಲಿಷ್ ಮೂಲಕ ಕಲಿತರೆ ನಿಜಕ್ಕೂ ಕಷ್ಟ. ಬೆಂಗಳೂರಿನ ಸರ್ಟಿಫಿಕೇಟ್ ತರಗತಿಯಲ್ಲಿ ಮೊದಲ ತಿಂಗಳು ನಾನೂ ಒದ್ದಾಡಿದೆ. ಭಾನುವಾರ ಬೆಳಗಿನ ಬಸ್ ಹಿಡಿದು ವಿಜಯಪುರ, ದೇವನಹಳ್ಳಿ ದಾಟಿ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸು. ಒಂದು ದಿನ ಬಸ್ಸಿನಲ್ಲಿ ಪಾಠ ತಿರುವಿ ಹಾಕುತ್ತಿದ್ದಾಗ "ಮ್ನ್ಯೆ ಖೋಲದ್ನ" ಎಂಬ ವಾಕ್ಯ ಸಿಕ್ಕಿತು. ಪುಸ್ತಕ ಅದಕ್ಕೆ ಇಂಗ್ಲಿಷಿನಲ್ಲಿ ಅರ್ಧ ಪುಟ ವಿವರಣೆ ಕೊಟ್ಟಿತ್ತು: ಇಲ್ಲಿ ಕರ್ತೃ ಇಲ್ಲ, ಕ್ರಿಯಾಪದವೂ ಇಲ್ಲ, ಅನುಭವಿಸುವವನು ಚತುರ್ಥಿಯಲ್ಲಿದ್ದಾನೆ, ಹೀಗೆ. ನಾನು ಅದನ್ನು ಕನ್ನಡಕ್ಕೆ ಹಾಕಿ ನೋಡಿದೆ. "ಮ್ನ್ಯೆ" ಎಂದರೆ ನನಗೆ. "ಖೋಲದ್ನ" ಎಂದರೆ ಚಳಿ. ನನಗೆ ಚಳಿ. ಅಷ್ಟೇ! ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಮುಂದಿನ ವಾಕ್ಯ "ಮ್ನ್ಯೆ ದ್ವಾದ್ಸತ್ ದ್ವಾ ಗೋದ": ನನಗೆ ಇಪ್ಪತ್ತೆರಡು ವರ್ಷ. "ಯಾ ಸ್ತುದ್ಯೆಂತ್ಕಾ": ನಾನು ವಿದ್ಯಾರ್ಥಿನಿ. ಇಂಗ್ಲಿಷಿನವರು ಎಲ್ಲೆಲ್ಲಿ ಎಡವುತ್ತಾರೋ ಅಲ್ಲೆಲ್ಲ ನಮಗೆ ರಸ್ತೆ ಸಮತಟ್ಟು.

ಆ ದಿನದಿಂದ ನೋಟ್ ಪುಸ್ತಕದ ಬಲಬದಿಯಲ್ಲಿ ಇಂಗ್ಲಿಷ್ ಬರೆಯುವುದನ್ನು ಬಿಟ್ಟು ಕನ್ನಡ ಬರೆಯತೊಡಗಿದೆ. ನೀವೂ ಹಾಗೆಯೇ ಮಾಡಿ. ರಷ್ಯನ್ನಿನಲ್ಲಿ ಆರು ವಿಭಕ್ತಿಗಳು. ಪ್ರೌಢಶಾಲೆಯಲ್ಲಿ "ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ" ಎಂದು ಕಂಠಪಾಠ ಮಾಡಿದವರಿಗೆ ಇದರಲ್ಲಿ ಹೆದರುವಂಥದ್ದು ಇಲ್ಲ. ಪೆನ್ನಿನಿಂದ ಬರೆ ಎನ್ನುವಾಗ ಆ "ಇಂದ" ಪದದ ಬಾಲಕ್ಕೆ ಹೇಗೆ ಅಂಟುತ್ತದೋ ಅಲ್ಲಿಯೂ ಹಾಗೆಯೇ ಅಂಟುತ್ತದೆ. ನೀನು, ನೀವು ಎಂಬ ಭೇದವೂ "ತಿ", "ವಿ" ಎಂದು ಇದೆ. ಕೆಲಸ ನಡೆಯುತ್ತಿತ್ತೋ ಮುಗಿಯಿತೋ ಎಂಬುದಕ್ಕೆ ಎರಡು ಬೇರೆ ಕ್ರಿಯಾಪದಗಳಿವೆ ಎಂದು ಪಾಠಪುಸ್ತಕಗಳು ಹೆದರಿಸುತ್ತವೆ. "ಓದುತ್ತಿದ್ದೆ" ಮತ್ತು "ಓದಿಬಿಟ್ಟೆ" ಎರಡರ ನಡುವೆ ಇರುವ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಕ್ಕಾಲು ಪಾಲು ದಾರಿ ಸಾಗುತ್ತದೆ.

ಕಷ್ಟ ಇರುವುದು ಬೇರೆ ಕಡೆ. ನಮಗೆ ಮೇಜು, ಪುಸ್ತಕ, ಕಿಟಕಿ ಎಲ್ಲವೂ ನಪುಂಸಕ. ಅಲ್ಲಿ ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ಮಾತ್ರ ನಪುಂಸಕ. ನಮ್ಮ "ಹೊಸ" ಎಂಬ ಪದ ಮನೆಗೆ ಏನಾದರೂ ತಾನು ಹಾಗೆಯೇ ಇರುತ್ತದೆ. ಅಲ್ಲಿ ಮನೆಯ ಜೊತೆ "ಹೊಸ" ಕೂಡ ವಿಭಕ್ತಿ ಬದಲಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಗುಂಡಿ, ಚಲನೆಯ ಕ್ರಿಯಾಪದಗಳು. ನಾವು ಸಂತೆಗೂ ಹೋಗುತ್ತೇವೆ, ದೆಹಲಿಗೂ ಹೋಗುತ್ತೇವೆ. ರಷ್ಯನ್ನರು ಕಾಲ್ನಡಿಗೆಯಲ್ಲಿ ಹೋಗುವುದಕ್ಕೆ ಒಂದು ಪದ, ವಾಹನದಲ್ಲಿ ಹೋಗುವುದಕ್ಕೆ ಇನ್ನೊಂದು. ಹೋಗಿ ಬಂದು ಮಾಡುವುದಕ್ಕೆ ಮತ್ತೊಂದು ಜೋಡಿ. ಮಾಸ್ಕೋದಲ್ಲಿ ಮೊದಲ ರಜೆಗೆ ಮುಂಚೆ, "ಊರಿಗೆ, ಇಂಡಿಯಾಕ್ಕೆ ಹೋಗುತ್ತಿದ್ದೇನೆ" ಎಂದು ಹೇಳಲು ಹೋಗಿ ತಪ್ಪು ಪದ ಬಳಸಿದೆ. ನಮ್ಮ ಅಧ್ಯಾಪಕಿ ಕನ್ನಡಕ ಕೆಳಗಿಳಿಸಿ ಕೇಳಿದರು: "ನಡೆದುಕೊಂಡೇ? ಹಾಗಾದರೆ ಈಗಲೇ ಹೊರಡಬೇಕು."

ಇನ್ನೊಂದು ಮಾತು. ಕಲಿಯುವ ಉತ್ಸಾಹದಲ್ಲಿ ಟಾಲ್‌ಸ್ಟಾಯ್ ಹಿಡಿಯಬೇಡಿ. ನಾನು ಹಾಗೆ ಮಾಡಿದವಳು. 'ಯುದ್ಧ ಮತ್ತು ಶಾಂತಿ'ಯ ರಷ್ಯನ್ ಪ್ರತಿಯನ್ನು ಹೆಮ್ಮೆಯಿಂದ ತೆರೆದರೆ ಮೊದಲ ಪುಟ ಶುರುವಾಗುವುದೇ ಫ್ರೆಂಚ್ ಭಾಷೆಯಲ್ಲಿ! ಅಜ್ಜಿ ಕಥೆಗಳಿಂದ ಶುರು ಮಾಡಿ. ಬಾಬಾ ಯಗಾ ಎಂಬ ಮಾಟಗಾತಿ ಮುದುಕಿ ಕೋಳಿಕಾಲಿನ ಮೇಲೆ ನಿಂತ ಗುಡಿಸಲಿನಲ್ಲಿ ಕಾಯುತ್ತಿರುತ್ತಾಳೆ. ಆಮೇಲೆ ಅಲ್ಲಿನ ಐದನೇ ತರಗತಿಯ ಇತಿಹಾಸ ಪುಸ್ತಕ. ಕಿವಿ ಸ್ವಲ್ಪ ಪಳಗಿದ ಮೇಲೆ ವಿದ್ವಾಂಸ ಯೂರಿ ಲೋಟ್‌ಮನ್ ರಷ್ಯನ್ ಸಂಸ್ಕೃತಿಯ ಬಗ್ಗೆ ದೂರದರ್ಶನದಲ್ಲಿ ಕೊಟ್ಟ ಉಪನ್ಯಾಸಗಳನ್ನು ಕೇಳಿ, ಅಂತರ್ಜಾಲದಲ್ಲಿ ಸಿಗುತ್ತವೆ. ನೃತ್ಯಕೂಟ, ದ್ವಂದ್ವಯುದ್ಧ, ಉಡುಪು, ನಾಚಿಕೆ ಇವೆಲ್ಲ ಹೇಗೆ ಒಂದು ಸಮಾಜದ ವ್ಯಾಕರಣವಾಗುತ್ತವೆ ಎಂಬುದನ್ನು ದಪ್ಪ ಮೀಸೆಯ ಆ ಮನುಷ್ಯ ಎದುರು ಕುಳಿತು ಮಾತನಾಡಿದಂತೆ ಹೇಳುತ್ತಾರೆ.

ಎಲ್ಲಿ ಓದುವುದು

ಭಾರತದಲ್ಲಿಯೇ ಓದಬೇಕೆಂದರೆ ದೆಹಲಿಯ ಜೆಎನ್‌ಯು ಇದೆ. ಅಲ್ಲಿನ ರಷ್ಯನ್ ಅಧ್ಯಯನದ ಬೇರು 1965ರಲ್ಲಿ ಶುರುವಾದ ಒಂದು ಸಂಸ್ಥೆಯಲ್ಲಿದೆ. ಅದು ಆಮೇಲೆ ವಿಶ್ವವಿದ್ಯಾಲಯದೊಳಗೆ ಸೇರಿತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಸ್ಲಾವ್ ಭಾಷೆಗಳಿಗೇ ಒಂದು ವಿಭಾಗವಿದೆ. ನಮಗೆ ಹತ್ತಿರದ್ದು ಎಂದರೆ ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಮತ್ತು ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ. ಆದರೆ ಒಂದು ತೊಡಕು: ಇಲ್ಲಿನ ರಷ್ಯನ್ ಎಂ.ಎ.ಗಳು ನಿಮಗೆ ಭಾಷೆ ಆಗಲೇ ಬರುತ್ತದೆ ಎಂದುಕೊಂಡು ಶುರುವಾಗುತ್ತವೆ. ಪಿಯುಸಿ ಮುಗಿಸಿದ ತಮ್ಮ ತಂಗಿಯರಿದ್ದರೆ ಅಲ್ಲಿನ ಬಿ.ಎ.ಗೇ ಸೇರಿಸಿ. ಅದು ಅಕ್ಷರಾಭ್ಯಾಸದಿಂದ ಆರಂಭವಾಗುತ್ತದೆ. ಕನ್ನಡ, ಇತಿಹಾಸ, ಅರ್ಥಶಾಸ್ತ್ರ ಓದಿ ಬಿ.ಎ. ಮುಗಿಸಿದ ನನ್ನಂಥವರಿಗೆ ಉಳಿದ ದಾರಿ, ಇಲ್ಲಿ ಒಂದೆರಡು ವರ್ಷ ಡಿಪ್ಲೊಮಾ ಮಾಡಿ ರಷ್ಯಾಕ್ಕೇ ಹೋಗುವುದು.

ಇಂಗ್ಲಿಷ್ ಅನುವಾದಗಳನ್ನು ಇಟ್ಟುಕೊಂಡು ಇಲ್ಲಿಯೇ ಯಾವುದಾದರೂ ವಿಭಾಗದಲ್ಲಿ ರಷ್ಯಾದ ಬಗ್ಗೆ ಪಿಎಚ್.ಡಿ. ಮಾಡಬಹುದಲ್ಲವೇ ಎಂದು ಕೇಳುವವರಿದ್ದಾರೆ. ಮಾಡಬಹುದು, ಮಾಡಿದವರೂ ಇದ್ದಾರೆ. ನಾನು ಗೂಡಿನಿಂದ ನೂಲು ಬಿಚ್ಚುವ ರೀಲರ್ ಮನೆಯ ಮಗಳು. ಇನ್ನೊಬ್ಬರು ಬಿಚ್ಚಿಟ್ಟ ನೂಲನ್ನು ನೋಡಿ ಗೂಡಿನ ಬಗ್ಗೆ ಮಾತನಾಡಿದರೆ ಅಪ್ಪ ನಗುತ್ತಾರೆ.

ರಷ್ಯಾದಲ್ಲಿ ಈ ವಿಷಯಕ್ಕೆ "ಕುಲ್ತುರೊಲೋಗಿಯಾ" ಎಂಬ ಪ್ರತ್ಯೇಕ ಶಾಸ್ತ್ರವೇ ಇದೆ. ಸ್ನಾತಕೋತ್ತರ ಪದವಿಯನ್ನು "ಮಗಿಸ್ತ್ರತೂರಾ" ಎನ್ನುತ್ತಾರೆ, ಎರಡು ವರ್ಷ. ಭಾಷೆ ಸಾಲದವರಿಗೆ ಅದಕ್ಕೂ ಮುಂಚೆ ಒಂದು ವರ್ಷ ಪೂರ್ವಸಿದ್ಧತಾ ವಿಭಾಗ, ಬಾಯಿಮಾತಿನಲ್ಲಿ "ಪದ್‌ಫಾಕ್". ನಾನು ಇಲ್ಲಿ ಎರಡು ವರ್ಷ ಕಲಿತದ್ದನ್ನೆಲ್ಲ ಅಲ್ಲಿ ಮೂರು ವಾರದಲ್ಲಿ ಮುಗಿಸಿ ಮುಂದೆ ಓಡಿದರು. ರಷ್ಯಾ ಸರ್ಕಾರದ ಕೋಟಾದಲ್ಲಿ ಸೀಟು ಸಿಕ್ಕರೆ ಬೋಧನಾ ಶುಲ್ಕವಿಲ್ಲ, ಆ ಪೂರ್ವಸಿದ್ಧತೆಯ ವರ್ಷಕ್ಕೂ ಇಲ್ಲ. ವಿಮಾನದ ಟಿಕೆಟ್, ವಿಮೆ, ಹಾಸ್ಟೆಲ್, ಊಟ ನಿಮ್ಮದೇ. ತಿಂಗಳಿಗೆ ಕೊಡುವ ಸ್ಟೈಪೆಂಡ್ ಊಟಕ್ಕೂ ಸಾಲುವುದಿಲ್ಲ, ಅದನ್ನು ನೆಚ್ಚಿಕೊಂಡು ಹೊರಡಬೇಡಿ. ನಮ್ಮ ಕಡೆಯವರಿಗೆ ಇದರ ಬಾಗಿಲು ಚೆನ್ನೈನಲ್ಲಿರುವ ರಷ್ಯಾದ ಸಾಂಸ್ಕೃತಿಕ ಕೇಂದ್ರ, ರಷ್ಯನ್ ಹೌಸ್. ಅರ್ಜಿ ಅಂತರ್ಜಾಲದಲ್ಲಿ, ಅದೂ ಹಿಂದಿನ ವರ್ಷದ ಚಳಿಗಾಲದಲ್ಲೇ. ಸೆಪ್ಟೆಂಬರಿಗೆ ತರಗತಿ ಎಂದು ಜೂನ್‌ನಲ್ಲಿ ಎದ್ದು ಕುಳಿತರೆ ಬಾಗಿಲು ಮುಚ್ಚಿರುತ್ತದೆ. ನಮ್ಮ ಮೂರು ವರ್ಷದ ಪದವಿಯನ್ನು ನೀವು ಆರಿಸಿಕೊಂಡ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು ಮೊದಲೇ ಬರೆದು ಕೇಳಿ, ಉತ್ತರವನ್ನು ಮುದ್ರಿಸಿ ಇಟ್ಟುಕೊಳ್ಳಿ.

ಹೇಮಾ, ಖೇಮಾ, ಗೇಮಾ

ಕಾಗದಪತ್ರಗಳ ಪಟ್ಟಿಯನ್ನು ನಾನು ಇಲ್ಲಿ ಪೂರ್ತಿ ಕೊಡುವುದಿಲ್ಲ. ಅದು ವರ್ಷವರ್ಷ ಬದಲಾಗುತ್ತದೆ. ಬದಲಾಗದ್ದು ಎರಡು. ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಅಂದರೆ ಕಾಗದ ಅಸಲಿ ಎಂದು ಹೊರದೇಶದವರು ಒಪ್ಪುವ ಮುದ್ರೆ. ಅನಂತರ ರಷ್ಯನ್ ಅನುವಾದ. ವೀಸಾಕ್ಕೆ ವಿಶ್ವವಿದ್ಯಾಲಯದ ಆಹ್ವಾನಪತ್ರ ಮತ್ತು ಎಚ್‌ಐವಿ ಪರೀಕ್ಷೆಯ ವರದಿ ಬೇಕು. ಈ ಪರೀಕ್ಷೆಯ ಹೆಸರು ಕೇಳಿ ಮನೆಯಲ್ಲಿ ಗಾಬರಿಯಾಗುತ್ತಾರೆ. ಇದು ಎಲ್ಲರಿಗೂ ಕಡ್ಡಾಯ ಎಂದು ಮೊದಲೇ ಹೇಳಿಡಿ.

ನಾನು ನಿಧಾನವಾಗಿ ಹೇಳಬೇಕಾದ್ದು ಹೆಸರಿನ ಬಗ್ಗೆ. ನಮ್ಮ ಕಡೆ ಹೆಸರಿನ ಜೊತೆ ಇರುವುದು ಇನಿಷಿಯಲ್: ಊರಿನ ಅಕ್ಷರ, ಅಪ್ಪನ ಅಕ್ಷರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಪದವಿಯಲ್ಲಿ ಮುಂದೆ, ಆಧಾರ್‌ನಲ್ಲಿ ಇಲ್ಲವೇ ಇಲ್ಲ. ರಷ್ಯಾದವರು ಮೊದಲು ಕೇಳುವುದು "ಫಮೀಲಿಯಾ", ಅಂದರೆ ಮನೆತನದ ಹೆಸರು. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಅರ್ಜಿ ಹಾಕುವ ಒಂದು ವರ್ಷ ಮುಂಚೆಯೇ ಪಾಸ್‌ಪೋರ್ಟ್, ಅಂಕಪಟ್ಟಿ, ಪದವಿ ಮೂರರಲ್ಲೂ ಹೆಸರು ಅಕ್ಷರ ಅಕ್ಷರ ಒಂದೇ ಆಗುವಂತೆ ಸರಿಪಡಿಸಿಕೊಳ್ಳಿ. ಇನಿಷಿಯಲ್ಲನ್ನು ಬಿಡಿಸಿ ಬರೆಸಿ.

ಅದಾದ ಮೇಲೆ ಅನುವಾದದ ಗಂಡಾಂತರ. ರಷ್ಯನ್ ಲಿಪಿಯಲ್ಲಿ ನಮ್ಮ "ಹ" ಇಲ್ಲ. ಕೆಲವರು ಅದನ್ನು "ಖ" ಎನ್ನುವ ಹಾಗೆ ಬರೆಯುತ್ತಾರೆ, ಹಳೆಯ ರೂಢಿಯವರು "ಗ" ಬರೆಯುತ್ತಾರೆ. ಅವರ ಪುಸ್ತಕಗಳಲ್ಲಿ ಹ್ಯಾಮ್ಲೆಟ್ ಗಾಮ್ಲೆತ್ ಆಗಿದ್ದಾನೆ, ಹಿಟ್ಲರ್ ಗಿತ್ಲೆರ್ ಆಗಿದ್ದಾನೆ. ನಾನು ಅಂಕಪಟ್ಟಿಗಳನ್ನು ಒಬ್ಬ ಅನುವಾದಕರಿಗೆ, ಪಾಸ್‌ಪೋರ್ಟನ್ನು ಇನ್ನೊಬ್ಬರಿಗೆ ಕೊಟ್ಟಿದ್ದೆ. ಇನ್ನೂರು ರೂಪಾಯಿ ಉಳಿಸುವ ಆಸೆ. ಬಂದದ್ದು ನೋಡಿದರೆ ಪದವಿ ಪಡೆದವಳು ಖೇಮಾ, ಪ್ರಯಾಣಕ್ಕೆ ಹೊರಟವಳು ಗೇಮಾ. ಮಾಸ್ಕೋದ ಕಚೇರಿಯಲ್ಲಿ ಗಾಜಿನ ಹಿಂದೆ ಕುಳಿತಿದ್ದ ಹೆಂಗಸು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು, "ನಿಮ್ಮಿಬ್ಬರಲ್ಲಿ ಬಂದಿರುವುದು ಯಾರು?" ಎಂದು ಕೇಳಿದರು. ಮತ್ತೆ ಅನುವಾದ, ಮತ್ತೆ ನೋಟರಿ, ಹನ್ನೊಂದು ದಿನ ಹಾಳು. ಒಬ್ಬರೇ ಅನುವಾದಕರಿಗೆ ಎಲ್ಲವನ್ನೂ ಕೊಡಿ. ನಿಮ್ಮ ಹೆಸರು, ಅಪ್ಪನ ಹೆಸರು, ಹುಟ್ಟೂರು ಮೂರನ್ನೂ ರಷ್ಯನ್ ಲಿಪಿಯಲ್ಲಿ ಹೇಗೆ ಬರೆಯಬೇಕೆಂದು ನೀವೇ ಚೀಟಿಯಲ್ಲಿ ಬರೆದು ಕೊಡಿ. ಅದಕ್ಕೇ ಹೇಳಿದ್ದು, ಮೊದಲು ಅಕ್ಷರ ಕಲಿಯಿರಿ ಎಂದು.

ಅಪ್ಪನ ಹೆಸರು ಅಲ್ಲಿ ಕಾಗದದಲ್ಲಷ್ಟೇ ಉಳಿಯುವುದಿಲ್ಲ. ಅಧ್ಯಾಪಕರನ್ನು ಹೆಸರು ಮತ್ತು ತಂದೆಯ ಹೆಸರು ಸೇರಿಸಿಯೇ ಕರೆಯಬೇಕು. ಇವಾನನ ಮಗನಾದರೆ ಇವಾನೊವಿಚ್, ಮಗಳಾದರೆ ಇವಾನೊವ್ನಾ. ಸರ್, ಮೇಡಂ ಎನ್ನುವುದು ಅಲ್ಲಿ ನಡೆಯುವುದಿಲ್ಲ. ಮೊದಲ ದಿನವೇ ಎಲ್ಲರ ತಂದೆಯ ಹೆಸರನ್ನು ಬರೆದುಕೊಂಡು ಬಾಯಿಪಾಠ ಮಾಡಿ.

ಹಣದ ಬಗ್ಗೆ ಒಂದೇ ಮಾತು: 2022ರ ಮಾರ್ಚ್ ನಂತರ ಹೊರದೇಶದ ಬ್ಯಾಂಕುಗಳ ವೀಸಾ ಕಾರ್ಡು, ಮಾಸ್ಟರ್‌ಕಾರ್ಡುಗಳು ರಷ್ಯಾದಲ್ಲಿ ಕೆಲಸ ಮಾಡುವುದಿಲ್ಲ. ಮೊದಲ ಎರಡು ತಿಂಗಳಿಗೆ ಸಾಕಾಗುವಷ್ಟು ನಗದು ಒಯ್ಯಿರಿ. ಅಲ್ಲಿನ ಬ್ಯಾಂಕ್ ಖಾತೆ ತೆರೆಯುವವರೆಗೆ ಅದೇ ಗತಿ. ತಲುಪಿದ ಕೂಡಲೇ ವಲಸೆ ನೋಂದಣಿಗೆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಪಾಸ್‌ಪೋರ್ಟ್ ಕೊಟ್ಟು ರಸೀದಿ ಪಡೆಯಿರಿ. ಬೇರೆ ಯಾರ ಕೈಗೂ ಪಾಸ್‌ಪೋರ್ಟ್ ಕೊಡಬೇಡಿ. ಓದಲು ಬಾರದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕೆಲಸದ ಆಸೆಗೆ ಏಜೆಂಟರನ್ನು ನಂಬಿ ಹೋದ ಕಲಬುರಗಿ ಕಡೆಯ ಯುವಕರು ಯುದ್ಧಭೂಮಿಯಲ್ಲಿ ಸಿಕ್ಕಿಕೊಂಡ ಸುದ್ದಿಯನ್ನು 2024ರಲ್ಲಿ ಎಲ್ಲರೂ ಓದಿದ್ದೇವೆ. ಯುದ್ಧ ನಡೆಸುತ್ತಿರುವ ದೇಶಕ್ಕೆ ಹೋಗುತ್ತಿದ್ದೀರಿ ಎಂಬುದನ್ನು ಮನೆಯವರ ಜೊತೆ ಕುಳಿತು ಮಾತನಾಡಿ, ಆಮೇಲೆ ನಿರ್ಧರಿಸಿ. ನಮ್ಮ ಮನೆಯಲ್ಲಿ ಆ ಮಾತು ಮೂರು ರಾತ್ರಿ ನಡೆಯಿತು.

ಕೋಟಿನ ಕುಣಿಕೆ

ಚಳಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊರಗೆ ಚಳಿ ನಿಜ, ಒಳಗೆ ಬೆಚ್ಚಗಿರುತ್ತದೆ. ಹೊಸಬರು ನಡುಗುವುದು ಜನವರಿಯಲ್ಲಲ್ಲ, ಅಕ್ಟೋಬರ್ ಮೊದಲ ವಾರದಲ್ಲಿ. ಸತತ ಐದು ದಿನ ಸರಾಸರಿ ತಾಪಮಾನ 8 ಡಿಗ್ರಿಗಿಂತ ಕೆಳಗಿಳಿದರೆ ಮಾತ್ರ ನಗರದ ಕೊಳವೆಗಳಲ್ಲಿ ಬಿಸಿನೀರು ಬಿಡುತ್ತಾರೆ. ಅಲ್ಲಿಯವರೆಗೆ ಅಮ್ಮ ಕಳಿಸಿದ ಎರಡು ಕಂಬಳಿಯೇ ಗತಿ.

ದಪ್ಪ ಕೋಟನ್ನು ಅಲ್ಲಿಯೇ ಕೊಳ್ಳಿ. ನಾನು ಬೆಂಗಳೂರಿನಿಂದ ಒಯ್ದಿದ್ದೆ. ಗ್ರಂಥಾಲಯ, ರಂಗಮಂದಿರ, ವಸ್ತುಸಂಗ್ರಹಾಲಯ ಎಲ್ಲಿ ಹೋದರೂ ಬಾಗಿಲಲ್ಲೇ "ಗರ್ದೆರೋಬ್" ಇರುತ್ತದೆ. ಕೋಟು ಕೊಟ್ಟು ನಂಬರಿನ ಬಿಲ್ಲೆ ಪಡೆದು ಒಳಗೆ ಹೋಗಬೇಕು. ಲೆನಿನ್ ಗ್ರಂಥಾಲಯ ಎಂದು ಇಂದಿಗೂ ಕರೆಯುವ ರಷ್ಯನ್ ರಾಜ್ಯ ಗ್ರಂಥಾಲಯಕ್ಕೆ ಮೊದಲ ಸಲ ಹೋದಾಗ, ಅಲ್ಲಿದ್ದ ಅಜ್ಜಿ ನನ್ನ ಕೋಟನ್ನು ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. ಕತ್ತಿನ ಹಿಂದೆ ಕೊಕ್ಕೆಗೆ ಸಿಗಿಸುವ ಕುಣಿಕೆ ಇರಲಿಲ್ಲ. "ಇದನ್ನು ಎಲ್ಲಿ ನೇತುಹಾಕಲಿ, ನನ್ನ ಮೂಗಿಗೆ?" ಎಂದು ರೇಗಿ, ಡ್ರಾಯರಿನಿಂದ ಸೂಜಿ ದಾರ, ಕಪ್ಪು ಲಾಡಿ ತೆಗೆದು ನನ್ನ ಮುಂದಿಟ್ಟರು. ಲೆನಿನ್ ಗ್ರಂಥಾಲಯದಲ್ಲಿ ನಾನು ಮಾಡಿದ ಮೊದಲ ಸಂಶೋಧನೆ ಹೊಲಿಗೆ. ಅವರು ಮೇಲಿಂದ ನೋಡುತ್ತ, "ಇನ್ನೊಂದು ಗಂಟು ಹಾಕು" ಎನ್ನುತ್ತಿದ್ದರು.

ಇಂಥ ಅಜ್ಜಿಯರ ಬೈಗುಳವನ್ನು ಬರೆದಿಟ್ಟುಕೊಳ್ಳಿ. ತರಗತಿಯಲ್ಲಿ ಸಿಗದ ಪಾಠ ಅಲ್ಲಿದೆ. ಹೊಸ್ತಿಲಿನ ಆಚೆ ಈಚೆ ನಿಂತು ಕೈ ಕುಲುಕಿದರೆ, ವಸ್ತು ಕೊಟ್ಟರೆ ಬೈಯುತ್ತಾರೆ. ಒಳಗೆ ಬಂದು ಕೊಡು ಎನ್ನುತ್ತಾರೆ. ಹೊಸ್ತಿಲ ಮೇಲೆ ಕುಳಿತು ಅಜ್ಜಿಯಿಂದ ಬೈಸಿಕೊಂಡವರಿಗೆ ಇದು ಹೊಸದೇ? ಮನೆಯೊಳಗೆ ಚಪ್ಪಲಿ, ಬೂಟು ಬಿಟ್ಟೇ ಹೋಗಬೇಕು. ದೂರಪ್ರಯಾಣಕ್ಕೆ ಹೊರಡುವ ಮುಂಚೆ ಎಲ್ಲರೂ ಒಂದು ನಿಮಿಷ ಸುಮ್ಮನೆ ಕುಳಿತು ಏಳುತ್ತಾರೆ. ಹೂವು ಕೊಡುವಾಗ ಮಾತ್ರ ಎಚ್ಚರ: ಬೆಸ ಸಂಖ್ಯೆಯ ಹೂಗಳನ್ನೇ ಕೊಡಬೇಕು, ಸರಿಸಂಖ್ಯೆ ಸತ್ತವರಿಗೆ. ಚಿಕ್ಕಬಳ್ಳಾಪುರದಲ್ಲಿ ಹೂವನ್ನು ಮೊಳದಲ್ಲಿ ಅಳೆದು ಬೆಳೆದ ನಾನು ಅಧ್ಯಾಪಕಿಯ ಹುಟ್ಟುಹಬ್ಬಕ್ಕೆ ಎಂಟು ಗುಲಾಬಿ ಒಯ್ದಿದ್ದೆ. ಅವರು ನಗುತ್ತಲೇ ಒಂದನ್ನು ತೆಗೆದು ನನ್ನ ಕೈಗಿತ್ತರು.

ಸಸ್ಯಾಹಾರಿಗಳಿಗೆ ಒಂದು ಪದ ಕಲಿಸುತ್ತೇನೆ: "ಪೋಸ್ತ್ನಯೆ", ಅಂದರೆ ಉಪವಾಸದ ಅಡುಗೆ. ಈಸ್ಟರ್‌ಗೆ ಮುಂಚಿನ ಏಳು ವಾರದ ಉಪವಾಸದಲ್ಲಿ ಸಂಪ್ರದಾಯಸ್ಥರು ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಆಗ ಎಷ್ಟೋ ಹೋಟೆಲುಗಳಲ್ಲಿ ಪ್ರತ್ಯೇಕ ಅಡುಗೆ ಸಿಗುತ್ತದೆ. "ನಾನು ಸಸ್ಯಾಹಾರಿ" ಎಂದು ವಿವರಿಸುವುದಕ್ಕಿಂತ ಈ ಒಂದು ಪದ ಬೇಗ ಕೆಲಸ ಮಾಡುತ್ತದೆ. ರಾಗಿಹಿಟ್ಟು ಒಯ್ಯಿರಿ.

ವಿಷಯ ಆರಿಸಿಕೊಳ್ಳುವುದು

ಇಡೀ ಓದಿನಲ್ಲಿ ಮುಖ್ಯವಾದದ್ದು ಇದೇ, ನಮ್ಮವರು ಹೆಚ್ಚು ಹಗುರಾಗಿ ತೆಗೆದುಕೊಳ್ಳುವುದೂ ಇದನ್ನೇ. ಮೊದಲ ಸೆಮಿಸ್ಟರಿನಲ್ಲೇ ಮಾರ್ಗದರ್ಶಕರು ಪ್ರಬಂಧದ ವಿಷಯ ಕೇಳುತ್ತಾರೆ. ಭಾರತೀಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೇಳುವುದು ಟಾಲ್‌ಸ್ಟಾಯ್ ಮತ್ತು ಗಾಂಧಿ, ಕರ್ನಾಟಕದವರಾದರೆ ರೋರಿಕ್. ನಾನೂ ಅದನ್ನೇ ಹೇಳಿದೆ. ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, ನಟಿ ದೇವಿಕಾರಾಣಿಯವರನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬಾಳಿದವರು. ಚಿತ್ರಗಳು ಚಿತ್ರಕಲಾ ಪರಿಷತ್ತಿನಲ್ಲಿವೆ, ಹೊರಡುವ ಮುಂಚೆ ತಪ್ಪದೆ ನೋಡಿ ಬನ್ನಿ. ಆದರೆ ನನ್ನ ಮಾರ್ಗದರ್ಶಕಿ ಕೇಳಿ, "ಝಾಚೆಮ್?" ಎಂದರು. ಅಂದರೆ, ಏತಕ್ಕೆ? ಇದರಲ್ಲಿ ನಿನಗೆ ಮಾತ್ರ ಕಾಣುವಂಥದ್ದು ಏನಿದೆ? ನನ್ನ ಬಳಿ ಉತ್ತರವಿರಲಿಲ್ಲ. ಗೂಡಿನ ಮಾರುಕಟ್ಟೆಯವರೂ ಹೆಚ್ಚುಕಡಿಮೆ ಇದನ್ನೇ ಕೇಳಿದ್ದರಲ್ಲ!

ಅವರು ನನ್ನ ಕೈಗೆ ಅಫಾನಾಸಿ ನಿಕಿತಿನ್ ಬರೆದ ಪ್ರಯಾಣದ ಟಿಪ್ಪಣಿಗಳನ್ನು ಕೊಟ್ಟರು. ತ್ವೆರ್ ಊರಿನ ವ್ಯಾಪಾರಿ. 1470ರ ಆಸುಪಾಸಿನಲ್ಲಿ ಕ್ಯಾಸ್ಪಿಯನ್ ಮತ್ತು ಅರಬ್ಬೀ ಸಮುದ್ರ ದಾಟಿ, ಒಂದು ಕುದುರೆಯೊಂದಿಗೆ ಬಹಮನಿ ಸುಲ್ತಾನರ ಬೀದರಿಗೆ ಬಂದವನು. ಕಪ್ಪು ಸಮುದ್ರದ ದಾರಿಯಲ್ಲಿ ಹಿಂದಿರುಗುವಾಗ ಊರು ತಲುಪುವ ಮುಂಚೆಯೇ ಸ್ಮೊಲೆನ್ಸ್ಕ್ ಹತ್ತಿರ ಸತ್ತವನು. ಪುಸ್ತಕಗಳನ್ನು ದಾರಿಯಲ್ಲಿ ದೋಚಿದ್ದರಿಂದ ಹಬ್ಬ, ಉಪವಾಸಗಳ ಲೆಕ್ಕ ತಪ್ಪಿ, ಪಂಚಾಂಗ ಕಳೆದುಕೊಂಡವನಂತೆ ಅಂದಾಜಿನ ಮೇಲೆ ಈಸ್ಟರ್ ಆಚರಿಸಿದವನು. ಅವನ ಟಿಪ್ಪಣಿಯ ಹೆಸರು 'ಮೂರು ಸಮುದ್ರಗಳಾಚೆಯ ಪಯಣ'. ಪಯಣ ಎನ್ನುವಲ್ಲಿ ಅವನ ಕಾಲದ ರಷ್ಯನ್ನಿನಲ್ಲಿ ಇರುವುದು "ನಡೆ" ಎಂಬ ಧಾತುವಿನಿಂದಲೇ ಬಂದ ಪದ. ನನ್ನ ತಪ್ಪು ಅಷ್ಟೇನೂ ದೊಡ್ಡದಾಗಿರಲಿಲ್ಲ ಎಂದು ಸಮಾಧಾನವಾಯಿತು.

ಓದುತ್ತ ಹೋದೆ. ಇವರು ಬಲಗೈಯಲ್ಲೇ ಉಣ್ಣುತ್ತಾರೆ, ಎಡಗೈ ತಾಗಿಸುವುದಿಲ್ಲ, ಚಮಚ ಗೊತ್ತಿಲ್ಲ, ಪ್ರಯಾಣದಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಗಡಿಗೆಯಲ್ಲಿ ಬೇಯಿಸಿಕೊಳ್ಳುತ್ತಾರೆ ಎಂದೆಲ್ಲ ಬರೆದಿದ್ದಾನೆ. ಆಮೇಲೆ ಒಂದು ಕಡೆ, ಕುದುರೆಗಳ ದೊಡ್ಡ ಸಂತೆ ಸೇರುವ ಊರಿನ ಬಗ್ಗೆ ಹೇಳುತ್ತಾನೆ. ಅದನ್ನು ಇಂದಿನ ಆಳಂದ ಎಂದು ಗುರುತಿಸುತ್ತಾರೆ. ಅಲ್ಲಿ "ಗುಕುಕ್" ಎಂಬ ಹಕ್ಕಿ ಇದೆಯಂತೆ. ರಾತ್ರಿ ಹಾರುತ್ತದೆ, ತನ್ನ ಹೆಸರನ್ನೇ ಕೂಗುತ್ತದೆ, ಯಾವ ಮನೆಯ ಮೇಲೆ ಕುಳಿತರೆ ಆ ಮನೆಯಲ್ಲಿ ಸಾವು. ಕೊಲ್ಲಲು ಹೋದರೆ ಬಾಯಿಂದ ಬೆಂಕಿ ಬರುತ್ತದೆ. ನನ್ನ ಸಹಪಾಠಿಗಳು ಇದನ್ನು ಮಧ್ಯಯುಗದ ಕಟ್ಟುಕಥೆ ಎಂದು ನಕ್ಕರು. ನಾನು ನಗಲಿಲ್ಲ. ನಮ್ಮ ನೂಲು ಬಿಚ್ಚುವ ಶೆಡ್ಡಿನ ಹಿಂದೆ ಹುಣಸೆಮರವಿದೆ. ಗೂಬೆ ಅಲ್ಲಿಂದ ಹಾರಿ ಮನೆಯ ಮೇಲೆ ಕುಳಿತರೆ ಅಜ್ಜಿ ಉರಿಯುವ ಕೊಳ್ಳಿ ಹಿಡಿದು ಅಂಗಳಕ್ಕೆ ಓಡುತ್ತಿದ್ದರು. ಗೂಬೆಗೆ ನಮ್ಮ ಹಳೆಯ ಮಾತಿನಲ್ಲಿ ಗೂಗೆ ಎಂಬ ಹೆಸರೂ ಇದೆ.

ಗುಕುಕ್ ಎಂಬುದು ಗೂಗೆಯಿಂದಲೇ ಬಂತೆಂದು ನಾನು ಸಾಧಿಸಲಿಲ್ಲ. ಹಕ್ಕಿಯ ಕೂಗನ್ನು ಯಾವ ಭಾಷೆಯವನಾದರೂ ಹಾಗೆಯೇ ಬರೆದಾನು. ನಾನು ಕೇಳಿದ ಪ್ರಶ್ನೆ ಬೇರೆ. ಐನೂರು ವರ್ಷ ಹಿಂದೆ ತ್ವೆರ್‌ನ ಒಬ್ಬ ವ್ಯಾಪಾರಿಗೆ ಈ ನಂಬಿಕೆಯನ್ನು ಯಾರು, ಯಾವ ಮನೆಯ ಜಗಲಿಯಲ್ಲಿ ಹೇಳಿರಬಹುದು? ಸುಲ್ತಾನನ ಮೆರವಣಿಗೆಯನ್ನು ಬೀದಿಯಲ್ಲಿ ನಿಂತ ಯಾರಾದರೂ ನೋಡಬಹುದು. ಗೂಬೆಯ ಮಾತು ಮನೆಯೊಳಗಿನದು. ಅವನು ಮನೆಯೊಳಗೆ ಕಂಡದ್ದು, ಕೇಳಿದ್ದು ಎಷ್ಟು ಎಂಬುದೇ ನನ್ನ ಪ್ರಬಂಧವಾಯಿತು. ಮಾರ್ಗದರ್ಶಕಿ ಎರಡನೆಯ ಸಲ "ಝಾಚೆಮ್" ಕೇಳಲಿಲ್ಲ.

ನೀವು ವಿಷಯ ಹುಡುಕುವಾಗ ಹೀಗೆ ಮಾಡಿ: ಮೂಲಪಠ್ಯ ಓದುತ್ತ, ಉಳಿದವರು ನಕ್ಕು ಮುಂದೆ ಹೋದ ಜಾಗದಲ್ಲಿ ನಿಮಗೆ ನಗು ಬಾರದಿದ್ದರೆ ಅಲ್ಲಿ ಗುರುತು ಹಾಕಿ. ನಮ್ಮ ಮನೆಗಳಲ್ಲಿ ಜಾನಪದ ಇನ್ನೂ ಬಳಕೆಯಲ್ಲಿರುವುದು ಇಂಥ ಕಡೆ ಒದಗುತ್ತದೆ. ವ್ಲಾದಿಮಿರ್ ಪ್ರಾಪ್ 1928ರಲ್ಲಿ ರಷ್ಯನ್ ಮಾಂತ್ರಿಕ ಕಥೆಗಳನ್ನು 31 ಕ್ರಿಯೆಗಳಾಗಿ ಬಿಡಿಸಿಟ್ಟದ್ದನ್ನು ನಮ್ಮ ಜಾನಪದ ತರಗತಿಗಳಲ್ಲಿ ಹೇಳಿಕೊಡುತ್ತಾರೆ. ಅಲ್ಲಿ ಅದನ್ನು ಮೂಲದಲ್ಲಿ ಓದುತ್ತ ನಮ್ಮ ಅಜ್ಜಿಯ ಕಥೆಗೆ ಹಚ್ಚಿ ನೋಡಿದರೂ ಒಂದು ಪ್ರಬಂಧಕ್ಕೆ ಸಾಕು. ವಿಷಯ ಒಪ್ಪಿಗೆಯಾದ ಮೇಲೆ ಸಂಬಂಧಪಟ್ಟ ಊರಿಗೆ ಹೋಗಿ. ಮಾಸ್ಕೋದಿಂದ ತ್ವೆರ್‌ಗೆ ರೈಲಿನಲ್ಲಿ ಎರಡು ಗಂಟೆ. ವೋಲ್ಗಾ ದಂಡೆಯ ಮೇಲೆ 1955ರಲ್ಲಿ ನಿಲ್ಲಿಸಿದ ನಿಕಿತಿನ್ ಪ್ರತಿಮೆ ಇದೆ, ದೋಣಿಯಾಕಾರದ ಪೀಠದ ಮೇಲೆ. ಅಲ್ಲಿ ನಿಂತು ಬೀದರಿನ ದೂರವನ್ನು ಯೋಚಿಸಿದರೆ ಪ್ರಬಂಧದ ಪೀಠಿಕೆ ತಾನಾಗಿ ಬರುತ್ತದೆ.

ಪರೀಕ್ಷೆ

ಬಹುಪಾಲು ಪರೀಕ್ಷೆ ಬಾಯಿಮಾತಿನದು. ಮೇಜಿನ ಮೇಲೆ ಚೀಟಿಗಳನ್ನು ಮಗುಚಿಟ್ಟಿರುತ್ತಾರೆ. ಅದಕ್ಕೆ "ಬಿಲೇತ್", ಅಂದರೆ ಟಿಕೆಟ್, ಎನ್ನುತ್ತಾರೆ. ಒಂದನ್ನು ಎತ್ತಿ, ಅರ್ಧ ಗಂಟೆ ಕುಳಿತು ತಯಾರಾಗಿ, ಅಧ್ಯಾಪಕರ ಎದುರು ಹೇಳಬೇಕು. ಬರೆದೇ ಬೆಳೆದ ನಮಗೆ ಇದು ಮೊದಮೊದಲು ಕೈಕಾಲು ನಡುಗಿಸುತ್ತದೆ. ಕೋಣೆಯಲ್ಲಿ ಗೋಡೆಗೆ ಹೇಳಿ ಅಭ್ಯಾಸ ಮಾಡಿ. ಅಂಕ ಐದಕ್ಕೆ, ಎರಡು ಎಂದರೆ ನಪಾಸು. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನ ಕಿಟಕಿಗಳಿಂದ ವಿದ್ಯಾರ್ಥಿಗಳು ಅಂಕಪುಸ್ತಕ ಬಿಚ್ಚಿ ಹಿಡಿದು "ಖಲ್ಯಾವಾ, ಬಾ!" ಎಂದು ಕೂಗುವುದು ಕೇಳಿಸುತ್ತದೆ. ಬಿಟ್ಟಿಯಾಗಿ ಬರುವ ಭಾಗ್ಯವನ್ನು ಕರೆಯುವುದು. ಕೆಲವರು ಬೂಟಿನೊಳಗೆ ಹಿಮ್ಮಡಿಯ ಕೆಳಗೆ ಐದು ಕೊಪೆಕ್ ನಾಣ್ಯ ಇಡುತ್ತಾರೆ. ನಾನೂ ಇಟ್ಟಿದ್ದೆ, ಜೊತೆಗೆ ಕೈವಾರ ತಾತಯ್ಯನವರ ಸನ್ನಿಧಿಯ ಕುಂಕುಮದ ಪೊಟ್ಟಣವೂ ಜೇಬಿನಲ್ಲಿತ್ತು.

ಪ್ರಬಂಧಕ್ಕೆ ಕೃತಿಚೌರ್ಯದ ಯಂತ್ರಪರೀಕ್ಷೆ, ವಿಮರ್ಶಕರೊಬ್ಬರ ಲಿಖಿತ ಅಭಿಪ್ರಾಯ, ಮೊದಲು ವಿಭಾಗದೊಳಗೆ ಒಂದು ಪೂರ್ವಾಭ್ಯಾಸ, ಕೊನೆಗೆ ಸಮಿತಿಯ ಮುಂದೆ "ಝಶೀತಾ", ಅಂದರೆ ಸಮರ್ಥನೆ. ಮೇ ತಿಂಗಳಿಗೆ ಬಿಡದೆ ಫೆಬ್ರವರಿಯಲ್ಲೇ ಯಾರಾದರೂ ರಷ್ಯನ್ ಗೆಳತಿಗೆ ಓದಿಸಿ, ವಿಭಕ್ತಿ ತಿದ್ದಿಸಿಕೊಳ್ಳಿ. ನಾನು ಮೇ ತಿಂಗಳಿಗೆ ಬಿಟ್ಟಿದ್ದೆ.

ಝಶೀತಾ ದಿನ ಸಮಿತಿಯ ಹಿರಿಯರೊಬ್ಬರು ಆ ಹಕ್ಕಿ ನಿಜಕ್ಕೂ ಹಾಗೆ ಕೂಗುತ್ತದೆಯೇ ಎಂದು ಕೇಳಿದರು. ಆ ಪ್ರಶ್ನೆ ಬರಬಹುದೆಂದು ಅಮ್ಮನಿಗೆ ಮೊದಲೇ ಹೇಳಿದ್ದೆ. ಅವರು ರಾತ್ರಿ ಎರಡು ಗಂಟೆಗೆ ಹುಣಸೆಮರದ ಕೆಳಗೆ ನಿಂತು ಮೊಬೈಲಿನಲ್ಲಿ ಧ್ವನಿ ಹಿಡಿದು ಕಳಿಸಿದ್ದರು. ಹಾಕಿ ಕೇಳಿಸಿದೆ. ಒಂದು ಸಲ, ಎರಡು ಸಲ, ಮೂರನೆಯ ಸಲ ಕೂಗುವಷ್ಟರಲ್ಲಿ ಅಮ್ಮನ ದನಿ, "ಥೂ, ಹೋಗಾಚೆ!" ಅದನ್ನೂ ಅನುವಾದಿಸಲು ಹೇಳಿದರು, ಅನುವಾದಿಸಿದೆ. ಐದಕ್ಕೆ ನಾಲ್ಕು ಕೊಟ್ಟರು. ಉಳಿದ ಒಂದು ಎಲ್ಲಿ ಹೋಯಿತೆಂದು ಮಾರ್ಗದರ್ಶಕಿಯನ್ನು ಕೇಳಿದರೆ ಪ್ರಬಂಧದ ನಲವತ್ತನೆಯ ಪುಟ ತೆರೆದು ತೋರಿಸಿದರು: ನಿಕಿತಿನ್ ಅರಬ್ಬೀ ಸಮುದ್ರವನ್ನು ಕಾಲ್ನಡಿಗೆಯಲ್ಲಿ ದಾಟಿದ್ದ.